ಕರಿಕೋಟು ತೊಡಲು ಕಾದ ಹೆಣ್ಣುಮಕ್ಕಳು

1916ರ ಆಗಸ್ಟ್ ತಿಂಗಳು. ಕಲ್ಕತ್ತ ಹೈಕೋರ್ಟಿನಲ್ಲಿ ಐವರು ನ್ಯಾಯಮೂರ್ತಿಗಳ ಪೂರ್ಣಪೀಠ ಒಂದು ಪದದ ಅರ್ಥ ನಿಷ್ಕರ್ಷೆಗೆಂದು ಕುಳಿತಿತ್ತು. ಆ ಪದ ಕಠಿಣವಾದದ್ದೇನಲ್ಲ, ದಿನನಿತ್ಯ ಎಲ್ಲರ ಬಾಯಲ್ಲೂ ಓಡಾಡುವ ‘ವ್ಯಕ್ತಿ’ ಎಂಬ ಪದ. ನಿಗದಿತ ಅರ್ಹತೆಯುಳ್ಳ ಯಾವುದೇ ವ್ಯಕ್ತಿ ವಕೀಲಿ ಸನ್ನದು ಪಡೆಯಬಹುದು ಎಂದು 1879ರ ಕಾಯಿದೆ ಹೇಳುತ್ತಿತ್ತು. ಹಾಗಾದರೆ ಹೆಣ್ಣು ‘ವ್ಯಕ್ತಿ’ ಹೌದೋ, ಅಲ್ಲವೋ?

ಈ ಪ್ರಶ್ನೆಯನ್ನು ನ್ಯಾಯಾಲಯದ ಮುಂದೆ ತಂದು ನಿಲ್ಲಿಸಿದವರು ರೆಜಿನಾ ಗುಹಾ. ಎಂ.ಎ. ಮಾಡಿ, ಕಾನೂನು ಪದವಿಯನ್ನೂ ಪಡೆದಿದ್ದ ಅವರು ಆಲಿಪುರದ ಜಿಲ್ಲಾ ನ್ಯಾಯಾಲಯದಲ್ಲಿ ಪ್ಲೀಡರ್ ಆಗಿ ಹೆಸರು ನೋಂದಾಯಿಸಿಕೊಳ್ಳಲು ಅರ್ಜಿ ಹಾಕಿದ್ದರು. ಓದಿನಲ್ಲಿ ಕೊರತೆಯಿರಲಿಲ್ಲ, ನಡತೆಯ ಬಗೆಗೆ ಆಕ್ಷೇಪವಿರಲಿಲ್ಲ. ಅರ್ಜಿದಾರರು ಹೆಂಗಸು ಎಂಬುದೊಂದೇ ತೊಡಕು.

ರೆಜಿನಾ ಪರವಾಗಿ ವಾದಿಸಿದವರು ಆ ಕಾಲದ ಹೆಸರಾಂತ ಬ್ಯಾರಿಸ್ಟರ್ ಅರ್ಡ್ಲಿ ನಾರ್ಟನ್. ಅವರ ವಾದ ಸರಳವಾಗಿತ್ತು. ಕಾಯಿದೆಗಳಲ್ಲಿ ಬಳಸುವ ಪುಲ್ಲಿಂಗ ಪದಗಳು ಸ್ತ್ರೀಯರನ್ನೂ ಒಳಗೊಳ್ಳುತ್ತವೆ ಎಂದು ಕಾನೂನೇ ಹೇಳಿರುವಾಗ, ವಕೀಲರ ಕಾಯಿದೆಗೆ ಮಾತ್ರ ಬೇರೆ ನಿಯಮವೇಕೆ? ಆದರೆ ಪೀಠ ಒಪ್ಪಲಿಲ್ಲ. ಈಸ್ಟ್ ಇಂಡಿಯಾ ಕಂಪೆನಿಯ ಕಾಲದ ನಿಬಂಧನೆಗಳಿಂದ ಹಿಡಿದು ಅಂದಿನವರೆಗೆ ವಕೀಲಿಕೆ ಗಂಡಸರದೇ ವೃತ್ತಿಯಾಗಿ ನಡೆದುಬಂದಿದೆ. ಹೆಂಗಸರೂ ಇದಕ್ಕೆ ಬರಬಹುದೆಂದು ಶಾಸಕರು ಎಂದೂ ಎಣಿಸಿರಲಾರರು. ಆದ್ದರಿಂದ ಅರ್ಜಿ ವಜಾ ಎಂದಿತು. ಕಾಯಿದೆ ಏನು ಹೇಳುತ್ತದೆ ಎಂಬುದಕ್ಕಿಂತ, ಅದನ್ನು ಬರೆದವರ ಮನಸ್ಸಿನಲ್ಲಿ ಏನಿದ್ದಿರಬಹುದು ಎಂಬ ಊಹೆಯೇ ಮೇಲಾಯಿತು.

ಹೆಂಗಸರು ಕರಿಕೋಟು ತೊಟ್ಟು ನ್ಯಾಯಾಲಯದ ಮೆಟ್ಟಿಲು ಹತ್ತುವುದು ಇಂದು ಸಾಮಾನ್ಯ ನೋಟ. ತಾಲ್ಲೂಕು ಕೇಂದ್ರದ ಸಣ್ಣ ಕೋರ್ಟಿನಲ್ಲೂ ಒಬ್ಬಿಬ್ಬರಾದರೂ ಮಹಿಳಾ ವಕೀಲರು ಸಿಗುತ್ತಾರೆ. ಆದರೆ ಆ ಬಾಗಿಲು ತಾನಾಗಿ ತೆರೆಯಲಿಲ್ಲ. ಅದನ್ನು ತಟ್ಟಿದವರು, ತಟ್ಟಿ ಸೋತು ಹಿಂತಿರುಗಿದವರು, ಕೊನೆಗೆ ಒಳಹೊಕ್ಕವರು ಇದ್ದಾರೆ. ಅವರ ಕಥೆ ನಮ್ಮ ನ್ಯಾಯವ್ಯವಸ್ಥೆಯ ಕಥೆಯೂ ಹೌದು.

ಆಕ್ಸ್‌ಫರ್ಡಿಗೆ ಹೋದ ನಾಸಿಕದ ಹುಡುಗಿ

ಬಾಗಿಲು ತಟ್ಟಿದವರಲ್ಲಿ ಮೊದಲ ಹೆಸರು ಕಾರ್ನೆಲಿಯಾ ಸೊರಾಬ್ಜಿ ಅವರದು. 1866ರ ನವೆಂಬರ್ 15ರಂದು ನಾಸಿಕದಲ್ಲಿ ಹುಟ್ಟಿದ ಅವರ ತಂದೆ ಪಾರ್ಸಿ ಮನೆತನದಿಂದ ಕ್ರೈಸ್ತ ಧರ್ಮಕ್ಕೆ ಬಂದವರು. ಹೆಣ್ಣುಮಕ್ಕಳನ್ನು ಓದಿಸುವುದರಲ್ಲಿ ತಂದೆ ತಾಯಿ ಇಬ್ಬರಿಗೂ ಅಪಾರ ನಂಬಿಕೆ. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಓದಿದ ಕಾರ್ನೆಲಿಯಾ, ಮುಂಬಯಿ ವಿಶ್ವವಿದ್ಯಾಲಯದ ಮೊದಲ ಮಹಿಳಾ ಪದವೀಧರೆಯಾದರು. ಪರೀಕ್ಷೆಯಲ್ಲಿ ಅವರಿಗೆ ಬಂದ ಸ್ಥಾನಕ್ಕೆ ಇಂಗ್ಲೆಂಡಿನಲ್ಲಿ ಓದಲು ಸರ್ಕಾರಿ ವಿದ್ಯಾರ್ಥಿವೇತನ ಸಿಗಬೇಕಿತ್ತು. ಹುಡುಗಿ ಎಂಬ ಕಾರಣಕ್ಕೆ ಅದು ತಪ್ಪಿತು.

ಅವರ ಪರವಾಗಿ ಇಂಗ್ಲೆಂಡಿನ ಹಿತೈಷಿಗಳು ಹಣ ಕೂಡಿಸಿದರು. ಕೊಟ್ಟವರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಕೂಡ ಒಬ್ಬರು. 1889ರಲ್ಲಿ ಆಕ್ಸ್‌ಫರ್ಡಿನ ಸೋಮರ್‌ವಿಲ್ ಹಾಲ್ ಸೇರಿದ ಕಾರ್ನೆಲಿಯಾ ಕಾನೂನನ್ನು ಆರಿಸಿಕೊಂಡರು. ಆ ವಿಶ್ವವಿದ್ಯಾಲಯದಲ್ಲಿ ಅದುವರೆಗೆ ಯಾವ ಹೆಂಗಸೂ ಕಾನೂನಿನ ಉನ್ನತ ಪರೀಕ್ಷೆಗೆ ಕುಳಿತಿರಲಿಲ್ಲ. ವಿಶೇಷ ಅನುಮತಿ ದೊರೆತು 1892ರಲ್ಲಿ ಅವರು ಬಿ.ಸಿ.ಎಲ್. ಪರೀಕ್ಷೆ ಬರೆದು ಮುಗಿಸಿದರು. ಪದವಿ ಪತ್ರ ಮಾತ್ರ ಕೈಗೆ ಬರಲಿಲ್ಲ. ಆಕ್ಸ್‌ಫರ್ಡ್ ಹೆಂಗಸರಿಗೆ ಪದವಿ ಕೊಡಲು ಆರಂಭಿಸಿದ್ದು 1920ರಲ್ಲಿ. ಕಾರ್ನೆಲಿಯಾ ಅದನ್ನು ಪಡೆದದ್ದು 1922ರಲ್ಲಿ, ಪರೀಕ್ಷೆ ಬರೆದ 30 ವರ್ಷಗಳ ನಂತರ.

ಭಾರತಕ್ಕೆ ಮರಳಿದ ಅವರು 1897ರಲ್ಲಿ ಮುಂಬಯಿಯ ಎಲ್ಎಲ್.ಬಿ., 1899ರಲ್ಲಿ ಅಲಹಾಬಾದ್ ಹೈಕೋರ್ಟಿನ ವಕೀಲಿ ಪರೀಕ್ಷೆ ಎರಡನ್ನೂ ಮುಗಿಸಿದರು. ಆದರೂ ಸನ್ನದು ಸಿಗಲಿಲ್ಲ. ಬ್ರಿಟಿಷ್ ಆಡಳಿತದ ನ್ಯಾಯಾಲಯಗಳಲ್ಲಿ ಹೀಗಾದರೆ, ಸಂಸ್ಥಾನಗಳಲ್ಲಿ ಅರಸರ ಅನುಮತಿ ಇದ್ದರೆ ವಾದ ಮಾಡಬಹುದಿತ್ತು. ಅಂಥದ್ದೊಂದು ಆಸ್ಥಾನದಲ್ಲಿ ಆನೆಯೊಂದರ ಪರವಾಗಿ ತಾವು ನಿಂತ ಪ್ರಸಂಗವನ್ನು ಅವರು ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಅವರು ವಾದ ಆರಂಭಿಸುವ ಮೊದಲೇ ಅರಸ ತೀರ್ಪು ಕೊಟ್ಟುಬಿಟ್ಟನಂತೆ. ಕಾರಣ, ಅರಸನ ನಾಯಿಗೆ ವಕೀಲೆ ಹಿಡಿಸಿದ್ದಳು! ಗೆದ್ದರೂ ಅದು ಕಾನೂನಿನ ಗೆಲುವಾಗಿರಲಿಲ್ಲ. ಇದನ್ನು ಕಾರ್ನೆಲಿಯಾ ನಗುತ್ತಲೇ ಬರೆದಿದ್ದರೂ, ಪರೀಕ್ಷೆಗಳ ಮೇಲೆ ಪರೀಕ್ಷೆ ಮುಗಿಸಿದ ವಕೀಲೆಯ ಪಾಡು ಅದರಲ್ಲಿ ಕಾಣದೆ ಇರದು.

ಪರದೆಯ ಹಿಂದಿನ ಕಕ್ಷಿದಾರರು

ಕಾರ್ನೆಲಿಯಾ ವಕೀಲಿಕೆಗಾಗಿ ಪಟ್ಟುಹಿಡಿದದ್ದು ಕೇವಲ ಸ್ವಂತದ ಹಟಕ್ಕಲ್ಲ. ಅಂದಿನ ಉತ್ತರ ಭಾರತ ಮತ್ತು ಬಂಗಾಳದಲ್ಲಿ ಸಾವಿರಾರು ಹೆಂಗಸರು ಪರದೆಯ ಹಿಂದೆ ಬಾಳುತ್ತಿದ್ದರು. ಅವರಲ್ಲಿ ದೊಡ್ಡ ಜಮೀನ್ದಾರಿಗಳ ಒಡತಿಯರಾದ ವಿಧವೆಯರೂ ಇದ್ದರು. ಪರಪುರುಷರ ಮುಖ ನೋಡುವಂತಿಲ್ಲ, ವಕೀಲರೆಲ್ಲ ಪುರುಷರೇ. ಹೀಗಾಗಿ ದಾವೆ, ದಸ್ತಾವೇಜು, ಲೆಕ್ಕಪತ್ರ ಎಲ್ಲವೂ ನೆಂಟರ ಅಥವಾ ಕಾರಭಾರಿಗಳ ಮೂಲಕವೇ ನಡೆಯಬೇಕು. ಆ ಕಾರಭಾರಿಯೇ ಮೋಸಗಾರನಾದರೆ ದೂರು ಹೇಳುವುದು ಯಾರಿಗೆ?

ಈ ಅಪಾಯ ನ್ಯಾಯಾಲಯಗಳಿಗೂ ತಿಳಿಯದ್ದೇನಲ್ಲ. ಪರದೆಯಲ್ಲಿರುವ ಹೆಂಗಸು ದಸ್ತಾವೇಜಿಗೆ ಸಹಿ ಹಾಕಿದ್ದಾಳೆ ಎಂದಷ್ಟಕ್ಕೇ ಅದು ಊರ್ಜಿತವಾಗದು; ಅದರಿಂದ ಲಾಭ ಪಡೆಯುವವನೇ ಆಕೆ ಅದನ್ನು ಅರ್ಥಮಾಡಿಕೊಂಡು, ಸ್ವಇಚ್ಛೆಯಿಂದ ಸಹಿ ಮಾಡಿದಳೆಂದು ರುಜುವಾತುಪಡಿಸಬೇಕು ಎಂಬ ತತ್ತ್ವವನ್ನು ಪ್ರಿವಿ ಕೌನ್ಸಿಲ್ ಎತ್ತಿಹಿಡಿದಿತ್ತು. ಆದರೆ ಮೋಸ ನಡೆದುಹೋದ ಮೇಲೆ ಉಪಯೋಗಕ್ಕೆ ಬರುವ ರಕ್ಷಣೆ ಅದು. ಸಹಿ ಹಾಕುವ ಮೊದಲೇ ಒಳಮನೆಗೆ ಹೋಗಿ, ಕಾಗದವನ್ನು ಓದಿ ಹೇಳಬಲ್ಲ ಕಾನೂನು ಬಲ್ಲವರು ಬೇಕಿತ್ತು. ಹಾಗೆ ಒಳಹೋಗಲು ಹೆಂಗಸಿಗೆ ಮಾತ್ರ ಸಾಧ್ಯ.

ಈ ವಾದವನ್ನು ಸರ್ಕಾರದ ಮುಂದೆ ಪದೇ ಪದೇ ಇಟ್ಟ ಫಲವಾಗಿ, 1904ರಲ್ಲಿ ಬಂಗಾಳದ ‘ಕೋರ್ಟ್ ಆಫ್ ವಾರ್ಡ್ಸ್’ಗೆ ಮಹಿಳಾ ಸಹಾಯಕಿಯಾಗಿ ಕಾರ್ನೆಲಿಯಾ ನೇಮಕಗೊಂಡರು. ವಾರಸುದಾರರು ಅಪ್ರಾಪ್ತರೋ ವಿಧವೆಯರೋ ಆಗಿದ್ದಾಗ ಆಸ್ತಿಯನ್ನು ಸರ್ಕಾರವೇ ನೋಡಿಕೊಳ್ಳುವ ಇಲಾಖೆ ಅದು. ಪಲ್ಲಕ್ಕಿ, ದೋಣಿ, ರೈಲು, ಸಿಕ್ಕಿದ್ದರಲ್ಲಿ ಪ್ರಯಾಣ ಮಾಡುತ್ತ ಅವರು ನೂರಾರು ಮನೆತನಗಳ ಅಂತಃಪುರಗಳನ್ನು ಹೊಕ್ಕರು. ಜೀವನಾಂಶ, ದತ್ತು, ಮಕ್ಕಳ ಓದು, ಆಸ್ತಿಯ ತಕರಾರು ಹೀಗೆ ನಾನಾ ವಿಷಯಗಳಲ್ಲಿ 600ಕ್ಕೂ ಹೆಚ್ಚು ಮಹಿಳೆಯರಿಗೆ, ಮಕ್ಕಳಿಗೆ ಅವರಿಂದ ನೆರವಾಯಿತೆಂದು ಲೆಕ್ಕ ಹೇಳಲಾಗುತ್ತದೆ.

ಕಾರ್ನೆಲಿಯಾ ರಾಷ್ಟ್ರೀಯ ಚಳವಳಿಯ ಜೊತೆಗಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಬ್ರಿಟಿಷ್ ಆಡಳಿತದಲ್ಲಿ ನಂಬಿಕೆಯಿಟ್ಟಿದ್ದ ಅವರು ಗಾಂಧೀಜಿಯವರ ಚಳವಳಿಯನ್ನು ವಿರೋಧಿಸಿದರು. ಭಾರತೀಯರನ್ನು ಕೆರಳಿಸಿದ ‘ಮದರ್ ಇಂಡಿಯಾ’ ಪುಸ್ತಕದ ಲೇಖಕಿ ಕ್ಯಾಥರೀನ್ ಮೇಯೊ ಪರವಾಗಿ ನಿಂತರು. ಇದರಿಂದ ಸ್ವದೇಶದಲ್ಲಿ ಅವರಿಗೆ ಸಲ್ಲಬೇಕಾದ ಮನ್ನಣೆ ಬಹುಕಾಲ ಸಲ್ಲಲಿಲ್ಲ. ರಾಜಕೀಯ ನಿಲುವನ್ನು ಒಪ್ಪದವರೂ ಒಳಮನೆಯ ಹೆಂಗಸರಿಗಾಗಿ ಅವರು ಮಾಡಿದ ಕೆಲಸವನ್ನು ಅಲ್ಲಗಳೆಯಲಾರರು.

ಕೆಲವೇ ಸಾಲಿನ ಕಾಯಿದೆ

ರೆಜಿನಾ ಗುಹಾ ಸೋತ ಐದು ವರ್ಷಗಳಲ್ಲಿ ಜಗತ್ತು ಬದಲಾಗಿತ್ತು. ಇಂಗ್ಲೆಂಡಿನಲ್ಲಿ 1919ರ ಕಾಯಿದೆಯೊಂದು ಹೆಣ್ಣೆಂಬ ಕಾರಣಕ್ಕೆ ವೃತ್ತಿಗಳಿಂದ ಹೊರಗಿಡುವುದನ್ನು ನಿಲ್ಲಿಸಿತು. 1921ರ ಆಗಸ್ಟಿನಲ್ಲಿ ಅಲಹಾಬಾದ್ ಹೈಕೋರ್ಟು ಕಾರ್ನೆಲಿಯಾ ಅವರನ್ನು ವಕೀಲೆಯಾಗಿ ನೋಂದಾಯಿಸಿಕೊಳ್ಳಲು ಒಪ್ಪಿತು. ಪರೀಕ್ಷೆ ಮುಗಿಸಿ 22 ವರ್ಷಗಳಾಗಿದ್ದವು. ಆಗ ಅವರ ವಯಸ್ಸು 54.

ಆದರೆ ಕೆಲವೇ ತಿಂಗಳಲ್ಲಿ ಇನ್ನೊಂದು ಹೈಕೋರ್ಟು ಇದಕ್ಕೆ ವಿರುದ್ಧವಾಗಿ ನಡೆಯಿತು. ಒಡಿಶಾದ ನಾಯಕ ಮಧುಸೂದನ ದಾಸರ ಪ್ರೋತ್ಸಾಹ ಪಡೆದಿದ್ದ ಸುಧಾಂಶುಬಾಲಾ ಹಾಜ್ರಾ ಸನ್ನದಿಗಾಗಿ ಪಟ್ನಾ ಹೈಕೋರ್ಟಿನ ಕದ ತಟ್ಟಿದರು. 1921ರ ಕೊನೆಯಲ್ಲಿ ಪಟ್ನಾ ಪೀಠ ಕಲ್ಕತ್ತದ ತೀರ್ಪನ್ನೇ ಅನುಸರಿಸಿ ಅವರನ್ನು ಹಿಂದಕ್ಕೆ ಕಳಿಸಿತು. ಹೀಗೆ ಒಂದೇ ದೇಶದಲ್ಲಿ ಹೆಣ್ಣು ಅಲಹಾಬಾದಿನಲ್ಲಿ ‘ವ್ಯಕ್ತಿ’ಯಾದಳು, ಪಟ್ನಾದಲ್ಲಿ ಆಗಲಿಲ್ಲ!

ಈ ಗೊಂದಲ ನ್ಯಾಯಾಲಯದಲ್ಲಿ ಬಗೆಹರಿಯುವಂತಿರಲಿಲ್ಲ. ಕೇಂದ್ರ ಶಾಸನಸಭೆಯಲ್ಲಿ ಹರಿಸಿಂಗ್ ಗೌರ್ ವಿಷಯವನ್ನು ಎತ್ತಿಕೊಂಡರು. ಹೆಂಗಸರಿಗೆ ಮತದಾನದ ಹಕ್ಕೇ ಸಿಗುತ್ತಿರುವಾಗ ವಕೀಲಿಕೆಯ ಹಕ್ಕು ಬೇಡವೆನ್ನುವುದು ಹೇಗೆ ಎಂಬ ಪ್ರಶ್ನೆ ಎದ್ದಿತು. ಕೊನೆಗೆ 1923ರಲ್ಲಿ ‘ಮಹಿಳಾ ವಕೀಲರ ಕಾಯಿದೆ’ ಜಾರಿಗೆ ಬಂತು. ಅದು ಕೆಲವೇ ಸಾಲುಗಳ ಕಾಯಿದೆ. ಹೆಣ್ಣು ಎಂಬುದೊಂದೇ ಕಾರಣದಿಂದ ಯಾರನ್ನೂ ವಕೀಲಿ ವೃತ್ತಿಗೆ ಅನರ್ಹರೆನ್ನುವಂತಿಲ್ಲ ಎಂಬುದಿಷ್ಟೇ ಅದರ ಸಾರ. ಕಾರ್ನೆಲಿಯಾ ಮರುವರ್ಷ ಕಲ್ಕತ್ತದಲ್ಲಿ ವಕೀಲಿಕೆ ಆರಂಭಿಸಿದರು. 1929ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ತೆರಳಿದ ಅವರು 1954ರಲ್ಲಿ ತೀರಿಕೊಂಡರು.

‘ಹೆಂಗಸಿನಿಂದ ಸೋಲಲಿ’

ಕಾಯಿದೆ ಬಂದರೆ ಸಾಕೆ? ಕಕ್ಷಿದಾರರು ಬರಬೇಡವೆ? ಮುಂಬಯಿ ಹೈಕೋರ್ಟಿನ ಮೊದಲ ವಕೀಲೆ ಮಿಠನ್ ಟಾಟಾ ಅವರ ಅನುಭವ ಇದಕ್ಕೆ ಒಳ್ಳೆಯ ನಿದರ್ಶನ. 1923ರ ಜನವರಿಯಲ್ಲಿ ಲಂಡನ್ನಿನ ಲಿಂಕನ್ಸ್ ಇನ್‌ನಲ್ಲಿ ಬ್ಯಾರಿಸ್ಟರ್ ಆದ ಅವರು, ಮುಂಬಯಿಗೆ ಬಂದು ಭೂಲಾಭಾಯಿ ದೇಸಾಯಿ ಅವರ ಕೈಕೆಳಗೆ ಕೆಲಸ ಕಲಿತರು. ಅವರಿಗೆ ಮೊದಲ ಮೊಕದ್ದಮೆ ಕೊಟ್ಟ ಕಕ್ಷಿದಾರ ಮನಸ್ಸಿನಲ್ಲಿದ್ದುದನ್ನು ಮುಚ್ಚಿಡಲಿಲ್ಲವಂತೆ. ಮೊಕದ್ದಮೆ ಹೇಗೂ ಗೆಲ್ಲುವಂಥದ್ದೇ. ಎದುರಾಳಿ ಹೆಂಗಸಿನ ಕೈಯಲ್ಲಿ ಸೋತ ಅವಮಾನವನ್ನೂ ಉಣ್ಣಲಿ ಎಂಬುದು ಆತನ ಇಚ್ಛೆಯಾಗಿತ್ತು. ಮದುವೆಯ ನಂತರ ಮಿಠನ್ ಲಾಮ್ ಎಂದು ಹೆಸರಾದ ಅವರು 1936ರ ಪಾರ್ಸಿ ವಿವಾಹ ಮತ್ತು ವಿಚ್ಛೇದನ ಕಾಯಿದೆ ರೂಪುಗೊಳ್ಳುವಲ್ಲಿ ನೆರವಾದರು. 1947ರಲ್ಲಿ ಮುಂಬಯಿಯ ಶೆರಿಫ್ ಆದರು.

ಮದ್ರಾಸ್ ಹೈಕೋರ್ಟಿನ ಮೊದಲ ವಕೀಲೆ ನಮ್ಮ ದಕ್ಷಿಣ ಕನ್ನಡ ಮೂಲದವರು. 1929ರಲ್ಲಿ ಅಲ್ಲಿ ನೋಂದಣಿ ಮಾಡಿಸಿಕೊಂಡ ಬಿ. ಆನಂದಬಾಯಿ ಅವರ ಹೆಸರು ಕನ್ನಡಿಗರ ನೆನಪಿನಲ್ಲಿ ಹೆಚ್ಚು ಉಳಿದಿಲ್ಲ. 1944ರಲ್ಲಿ ಹೈಕೋರ್ಟೊಂದರ ಪೂರ್ಣಪೀಠದ ಮುಂದೆ ವಾದಿಸಿದ ದೇಶದ ಮೊದಲ ವಕೀಲೆ ಎನಿಸಿದ ವಯೊಲೆಟ್ ಆಳ್ವ ಕನ್ನಡನಾಡಿನ ಸೊಸೆ. ಕಾರವಾರದ ಕಡೆಯಿಂದ ಲೋಕಸಭೆಗೆ ಆರಿಸಿಬಂದಿದ್ದ ಜೋಕಿಂ ಆಳ್ವ ಅವರ ಪತ್ನಿ. ಮುಂದೆ ಅವರು ರಾಜ್ಯಸಭೆಯ ಉಪಸಭಾಪತಿಯೂ ಆದರು.

ವಕೀಲೆಯಿಂದ ನ್ಯಾಯಾಧೀಶೆ

ವಾದ ಮಾಡುವ ಹಕ್ಕಿನ ನಂತರದ್ದು ತೀರ್ಪು ಕೊಡುವ ಪೀಠ. ಅಲ್ಲಿಗೆ ಮೊದಲು ಏರಿದವರು ತಿರುವಾಂಕೂರಿನ ಅನ್ನಾ ಚಾಂಡಿ. 1905ರಲ್ಲಿ ಹುಟ್ಟಿದ ಅವರು ಕೇರಳದಲ್ಲಿ ಕಾನೂನು ಪದವಿ ಪಡೆದ ಮೊದಲ ಮಹಿಳೆ. 1928ರಲ್ಲಿ ತಿರುವನಂತಪುರದ ಸಭೆಯೊಂದರಲ್ಲಿ, ಹೆಂಗಸರಿಗೆ ಸರ್ಕಾರಿ ನೌಕರಿ ಕೊಟ್ಟರೆ ಸಂಸಾರ ಕೆಡುತ್ತದೆ ಎಂದು ಹಿರಿಯ ವಿದ್ವಾಂಸರೊಬ್ಬರು ವಾದಿಸಿದಾಗ, ಎದ್ದುನಿಂತು ನ್ಯಾಯಾಲಯದಲ್ಲಿ ಪಾಟಿ ಸವಾಲು ಹಾಕುವಂತೆ ಅಂಶ ಅಂಶವನ್ನೂ ಖಂಡಿಸಿದರು. ‘ಶ್ರೀಮತಿ’ ಎಂಬ ಪತ್ರಿಕೆ ನಡೆಸಿದರು, ತಿರುವಾಂಕೂರಿನ ಶಾಸನಸಭೆಗೆ ಆಯ್ಕೆಯಾದರು. 1937ರಲ್ಲಿ ದಿವಾನ್ ಸರ್ ಸಿ.ಪಿ. ರಾಮಸ್ವಾಮಿ ಅಯ್ಯರ್ ಅವರನ್ನು ಮುನ್ಸೀಫರನ್ನಾಗಿ ನೇಮಿಸಿದರು. 1948ರಲ್ಲಿ ಜಿಲ್ಲಾ ನ್ಯಾಯಾಧೀಶೆ, 1959ರ ಫೆಬ್ರವರಿಯಲ್ಲಿ ಕೇರಳ ಹೈಕೋರ್ಟಿನ ನ್ಯಾಯಮೂರ್ತಿ. ದೇಶದ ಯಾವ ಹೈಕೋರ್ಟಿನಲ್ಲೂ ಅದಕ್ಕೆ ಮುನ್ನ ಮಹಿಳಾ ನ್ಯಾಯಮೂರ್ತಿ ಇರಲಿಲ್ಲ.

ಸುಪ್ರೀಂ ಕೋರ್ಟ್ ಸ್ಥಾಪನೆಯಾದದ್ದು 1950ರಲ್ಲಿ. ಅಲ್ಲಿಗೆ ಮೊದಲ ಮಹಿಳೆ ಬರಲು 39 ವರ್ಷ ಬೇಕಾಯಿತು. 1989ರ ಅಕ್ಟೋಬರ್ 6ರಂದು ಕೇರಳದ ಫಾತಿಮಾ ಬೀವಿ ಅಧಿಕಾರ ವಹಿಸಿಕೊಂಡರು. ಕೊಲ್ಲಂನಲ್ಲಿ ವಕೀಲಿಕೆ ಆರಂಭಿಸಿ, ಮುನ್ಸೀಫ್ ಹುದ್ದೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಬಂದವರು ಅವರು. ಆಗ ಭಾರತದ ಮುಖ್ಯ ನ್ಯಾಯಮೂರ್ತಿಯಾಗಿದ್ದವರು ಕನ್ನಡಿಗರಾದ ಇ.ಎಸ್. ವೆಂಕಟರಾಮಯ್ಯ. ಅವರ ಮಗಳು ಬಿ.ವಿ. ನಾಗರತ್ನ ಆ ಹೊತ್ತಿಗೆ ಬೆಂಗಳೂರಿನಲ್ಲಿ ವಕೀಲಿಕೆಗೆ ಕಾಲಿಟ್ಟು ಎರಡು ವರ್ಷವಾಗಿತ್ತಷ್ಟೆ. 2021ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾಗಿ ಪ್ರಮಾಣವಚನ ಸ್ವೀಕರಿಸಿದ ಮೂವರು ಮಹಿಳೆಯರಲ್ಲಿ ಅವರೂ ಒಬ್ಬರು. ಜ್ಯೇಷ್ಠತೆಯ ಪದ್ಧತಿಯಂತೆ ನಡೆದರೆ 2027ರ ಸೆಪ್ಟೆಂಬರಿನಲ್ಲಿ ಅವರು ಮುಖ್ಯ ನ್ಯಾಯಮೂರ್ತಿಯಾಗಲಿದ್ದಾರೆ. ಆ ಪೀಠಕ್ಕೆ ಮೊದಲ ಮಹಿಳೆ. ಅವಧಿ ಮಾತ್ರ ಒಂದು ತಿಂಗಳಿಗೆ ತುಸು ಹೆಚ್ಚು.

ಏನು ಬದಲಾಯಿತು?

ಹೆಂಗಸರು ಕೋರ್ಟಿಗೆ ಬಂದದ್ದರಿಂದ ಕಾನೂನಿಗೆ ಏನಾಯಿತು ಎಂದು ಕೇಳುವವರಿದ್ದಾರೆ. ನ್ಯಾಯಮೂರ್ತಿ ಲೀಲಾ ಸೇಠ್ ಅವರ ಉದಾಹರಣೆ ನೋಡಬಹುದು. 1958ರಲ್ಲಿ ಲಂಡನ್ನಿನ ಬಾರ್ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದ ಅವರು 1978ರಲ್ಲಿ ದೆಹಲಿ ಹೈಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿ, 1991ರಲ್ಲಿ ಹಿಮಾಚಲ ಪ್ರದೇಶದಲ್ಲಿ ಹೈಕೋರ್ಟೊಂದರ ಮೊದಲ ಮಹಿಳಾ ಮುಖ್ಯ ನ್ಯಾಯಮೂರ್ತಿಯಾದರು. ಮುಂದೆ ಅವರು ಸದಸ್ಯರಾಗಿದ್ದ ಕಾನೂನು ಆಯೋಗ, ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಡಬೇಕೆಂದು 2000ದಲ್ಲಿ ವರದಿ ನೀಡಿತು. 2005ರಲ್ಲಿ ಅದು ಇಡೀ ದೇಶಕ್ಕೆ ಕಾನೂನಾಯಿತು. ಕರ್ನಾಟಕ ಆ ಹಕ್ಕನ್ನು 1994ರಲ್ಲೇ ತಿದ್ದುಪಡಿಯ ಮೂಲಕ ತಂದಿತ್ತು ಎಂಬುದು ನಾವು ಹೆಮ್ಮೆಪಡಬೇಕಾದ ಸಂಗತಿ. ದೆಹಲಿಯ 2012ರ ಅತ್ಯಾಚಾರ ಪ್ರಕರಣದ ನಂತರ ಕಾನೂನು ತಿದ್ದುಪಡಿ ಸೂಚಿಸಲು ನೇಮಕವಾದ ವರ್ಮಾ ಸಮಿತಿಯ ಮೂವರಲ್ಲೂ ಲೀಲಾ ಸೇಠ್ ಇದ್ದರು.

ಕನ್ನಡನಾಡಿನ ಇನ್ನೊಂದು ಹೆಸರು ಮಂಜುಳಾ ಚೆಲ್ಲೂರ್ ಅವರದು. ಬಳ್ಳಾರಿಯಲ್ಲಿ ವಕೀಲಿಕೆಗೆ ಇಳಿದ ಮೊದಲ ಮಹಿಳೆ ಅವರು. 1988ರಲ್ಲಿ ಜಿಲ್ಲಾ ನ್ಯಾಯಾಧೀಶರಾಗಿ, 2000ದಲ್ಲಿ ಕರ್ನಾಟಕ ಹೈಕೋರ್ಟಿಗೆ ನ್ಯಾಯಮೂರ್ತಿಯಾಗಿ ಬಂದರು. ಕೇರಳದ ಮುಖ್ಯ ನ್ಯಾಯಮೂರ್ತಿಯಾದ ನಂತರ 2014ರಲ್ಲಿ ಅವರು ವರ್ಗವಾದದ್ದು ಕಲ್ಕತ್ತ ಹೈಕೋರ್ಟಿಗೆ. ರೆಜಿನಾ ಗುಹಾ ಅವರಿಗೆ ಸನ್ನದು ನಿರಾಕರಿಸಿದ ನ್ಯಾಯಾಲಯಕ್ಕೆ, 98 ವರ್ಷಗಳ ನಂತರ, ಬಳ್ಳಾರಿಯ ವಕೀಲೆಯೊಬ್ಬರು ಮೊದಲ ಮಹಿಳಾ ಮುಖ್ಯ ನ್ಯಾಯಮೂರ್ತಿಯಾದರು. ಹಾಜ್ರಾ ಅವರನ್ನು ಹಿಂದಕ್ಕೆ ಕಳಿಸಿದ ಪಟ್ನಾದಲ್ಲೂ 2010ರಲ್ಲಿ ರೇಖಾ ದೋಶಿತ್ ಅದೇ ಪೀಠವನ್ನು ಅಲಂಕರಿಸಿದ್ದರು.

ಇಷ್ಟಾದರೂ ಲೆಕ್ಕ ತೃಪ್ತಿಕರವಾಗಿಲ್ಲ. 1950ರಿಂದ 2021ರ ಕೊನೆಯವರೆಗಿನ ಏಳು ದಶಕಗಳಲ್ಲಿ ಸುಪ್ರೀಂ ಕೋರ್ಟಿಗೆ ಬಂದ ಮಹಿಳಾ ನ್ಯಾಯಮೂರ್ತಿಗಳು ಹನ್ನೊಂದೇ ಮಂದಿ. ಅದೇ ಕೋರ್ಟು 1977ರಲ್ಲಿ ಲೀಲಾ ಸೇಠ್ ಅವರಿಗೆ ಹಿರಿಯ ವಕೀಲರ ಸ್ಥಾನ ನೀಡಿತು. ಆ ಗೌರವ ಎರಡನೆಯ ಮಹಿಳೆಗೆ, ಇಂದು ಮಲ್ಹೋತ್ರಾ ಅವರಿಗೆ, ಸಂದದ್ದು ಮೂವತ್ತು ವರ್ಷ ಕಳೆದ ಮೇಲೆ, 2007ರಲ್ಲಿ. ಕಾಲೇಜಿನಲ್ಲಿ ಹುಡುಗರ ಸಮಕ್ಕೆ ಓದುವ ಹುಡುಗಿಯರು ವೃತ್ತಿಯ ಮೇಲಿನ ಮೆಟ್ಟಿಲುಗಳಲ್ಲಿ ಏಕೆ ಕಾಣುವುದಿಲ್ಲ? ಹೊತ್ತುಗೊತ್ತಿಲ್ಲದ ಕೆಲಸ, ಮೊದಲ ವರ್ಷಗಳ ಅಲ್ಪ ಸಂಪಾದನೆ, ಮನೆ ಮಕ್ಕಳ ಹೊಣೆ, ಕಕ್ಷಿದಾರರ ಅನುಮಾನ ಎಲ್ಲವೂ ಸೇರಿ ಅನೇಕರನ್ನು ನಡುದಾರಿಯಲ್ಲೇ ನಿಲ್ಲಿಸುತ್ತವೆ.

ವಕೀಲರ ಸಂಘಗಳಲ್ಲೂ ಇದೇ ಸ್ಥಿತಿ. 2025ರ ಜನವರಿಯಲ್ಲಿ ಬೆಂಗಳೂರು ವಕೀಲರ ಸಂಘದ ಚುನಾವಣೆಯಲ್ಲಿ ಖಜಾಂಚಿ ಸ್ಥಾನವನ್ನು ಮಹಿಳೆಗೆ ಮೀಸಲಿಡಬೇಕೆಂದು ಸುಪ್ರೀಂ ಕೋರ್ಟೇ ಆದೇಶಿಸಬೇಕಾಯಿತು. ರೆಜಿನಾ ಗುಹಾ ಕೇಳಿದ್ದು ಸನ್ನದು. ಅದು ಕಾಯಿದೆಯಿಂದ ಬಂತು. ಆನಂತರದ ಪೀಳಿಗೆಗಳು ಕೇಳುತ್ತಿರುವುದು ಪೀಠ, ಪದವಿ, ಸಂಘದಲ್ಲೊಂದು ಕುರ್ಚಿ. ಅದಕ್ಕೂ ಆದೇಶವೇ ಬರಬೇಕಾದರೆ, ‘ವ್ಯಕ್ತಿ’ ಎಂಬ ಪದದ ಅರ್ಥವನ್ನು ಕರಿಕೋಟು ತೊಟ್ಟವರು ಇನ್ನೂ ಪೂರ್ತಿ ಓದಿ ಮುಗಿಸಿಲ್ಲ ಎಂದೇ ಹೇಳಬೇಕಾಗುತ್ತದೆ.